ಸೊನ್ನೆ ಸಾಲು ಬರೆದ ಹುಡುಗಿ

ಶಾಲೆಯಿಂದ ಬಂದ ಹಾಳೆಯಲ್ಲಿ ಮಗಳ ಹೆಸರಿನ ಮುಂದೆ "ಬರೆದ ಸಾಲು: ಸೊನ್ನೆ" ಎಂದಿತ್ತು. ಆಸ್ಪತ್ರೆಯ ಹಗಲು ಪಾಳಿ ಮುಗಿಸಿ ಬಂದ ನರ್ಸಮ್ಮ ಅದನ್ನು ನಿಂತಲ್ಲೇ ಎರಡು ಸಲ ಓದಿದಳು. ಚಪ್ಪಲಿ ಬಿಡುವುದನ್ನೂ ಮರೆತಳು.

ಏಳನೇ ತರಗತಿಯ ನಾಲ್ವರು ಮಕ್ಕಳು ಕೂಡಿ, ಟ್ಯಾಬ್‌ನಲ್ಲಿ, ಸಂಚಾರ ಇಲಾಖೆಗೆ ಒಂದು ಪತ್ರ ಬರೆಯಬೇಕಿತ್ತು. ಶಾಲೆಯ ಮುಂದಿನ ಸಿಗ್ನಲ್‌ನಲ್ಲಿ ರಸ್ತೆ ದಾಟಲು ಸಮಯ ಸಾಲುತ್ತಿಲ್ಲ ಎಂಬುದು ವಿಷಯ. ಯಾರ ಹೆಸರಿನಲ್ಲಿ ಎಷ್ಟು ಸಾಲು ಎಂದು ಟ್ಯಾಬೇ ಎಣಿಸುತ್ತದಂತೆ. ಸೊನ್ನೆ ಸಾಲಿನವರ ಹೆಸರು ಪತ್ರದ ಕೆಳಗೆ ಇರುವುದಿಲ್ಲವಂತೆ. ಪತ್ರ ಸೋಮವಾರ ಹೊರಡುತ್ತದಂತೆ.

ಗಂಡ ಬಸ್ ಓಡಿಸುವವನು. ಹಾಳೆ ನೋಡಿ, ಮಗಳು ಮೈಗಳ್ಳತನ ಮಾಡಿರಬೇಕು ಎಂದ. ಮನುಷ್ಯರಾದರೆ ಭೇದ ಮಾಡಿಯಾರು, ಯಂತ್ರಕ್ಕೇನು ಇವಳ ಮೇಲೆ ಹಗೆಯೇ ಎಂಬುದು ಅವನ ವಾದ.

ಮಗಳು ಗೋಡೆಯ ಕಡೆ ಮುಖ ಮಾಡಿಕೊಂಡೇ ಹೇಳಿದಳು: "ನಾನು ಹೇಳ್ತಾ ಹೋದೆ, ನನ್ನ ಗೆಳತಿ ಒತ್ತುತ್ತಾ ಹೋದ್ಲು. ಇದ್ದಿದ್ದೇ ಒಂದು ಟ್ಯಾಬ್, ಅದೂ ಅವಳ ಹೆಸರಲ್ಲಿ. ಇನ್ಮೇಲೆ ನಾನೇನೂ ಬರೆಯಲ್ಲ, ಬಿಡಮ್ಮ."

ಆ ಮಾತು ನರ್ಸಮ್ಮನ ಎದೆಗೆ ನಾಟಿತು. ತಾನು ನಾಡಿ ನೋಡುತ್ತಿದ್ದ ಹಳೆಯ ಗಡಿಯಾರ ಇಸಿದುಕೊಂಡು, ಮೂರು ಬೆಳಗ್ಗೆ ಆ ಸಿಗ್ನಲ್ ಬಳಿ ನಿಂತು ಎಣಿಸಿದವಳು ಈ ಹುಡುಗಿಯೇ. ದಾಟಲು ಹಸಿರು ದೀಪ ಇರುವುದು ಹನ್ನೆರಡು ಸೆಕೆಂಡು. ಒಂದನೇ ತರಗತಿಯ ಮಗುವಿಗೆ ಬೇಕಾಗುವುದು ಹತ್ತೊಂಬತ್ತು. ಇದನ್ನು ಕಂಡುಹಿಡಿದವಳು ಏನೂ ಮಾಡಿಲ್ಲ ಎಂದರೆ ಹೇಗೆ ಸುಮ್ಮನಿರುವುದು?

ಮರುದಿನ ಶನಿವಾರ. ನರ್ಸಮ್ಮ ಮಗಳ ಜೊತೆ ಶಾಲೆಗೆ ಹೊರಟಳು. ಹೆಂಡತಿಯ ಸಿಟ್ಟು ಬಲ್ಲ ಗಂಡ, ಜಗಳ ಬಿಡಿಸಲು ಒಬ್ಬರಿರಲಿ ಎಂದು ಹಿಂದೆಯೇ ಬಂದ.

ನಾಲ್ವರಿಗೆ ಒಂದೇ ಟ್ಯಾಬ್ ಯಾಕೆ ಎಂದು ಅವಳು ಕೇಳಿದಳು. ಟೀಚರ್ ತಡವರಿಸಿದರು. ಇಪ್ಪತ್ತನಾಲ್ಕು ಟ್ಯಾಬ್ ಬಂದಿವೆ, ಆದರೆ ಮಕ್ಕಳ ಕೈಗೆ ಕೊಟ್ಟರೆ ಗೀರು ಬೀಳುತ್ತದೆ ಎಂದು ಹದಿನೆಂಟನ್ನು ಮುಖ್ಯೋಪಾಧ್ಯಾಯರು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. ಇನ್ನೂ ಅವುಗಳ ಪ್ಲಾಸ್ಟಿಕ್ ಹಾಳೆಯೂ ಬಿಚ್ಚಿಲ್ಲ.

ನರ್ಸಮ್ಮ ದನಿ ಏರಿಸಲಿಲ್ಲ. "ನಮ್ಮ ವಾರ್ಡಲ್ಲಿ ಬಿ.ಪಿ. ಮಿಷನ್ ಹಾಳಾಗುತ್ತೆ ಅಂತ ಬೀರುವಿನಲ್ಲಿಟ್ಟು, ಅಂದಾಜಲ್ಲಿ ಬಿ.ಪಿ. ಬರೀತೀವಾ ಟೀಚರ್? ನೀವು ಒಬ್ಬಳ ಬೆರಳು ಎಣಿಸಿ ನಾಲ್ಕು ಜನರ ತಲೆ ಅಳೆದಿದ್ದೀರಿ."

ಟೀಚರ್ ಮುಖ ಕೆಂಪಾಯಿತು. ತರಗತಿಯ ದೊಡ್ಡ ಪರದೆಯ ಮೇಲೆ ಪತ್ರ ತೆರೆದರು. ಯಾವ ಸಾಲು ಯಾವಾಗ ಬಂತು, ಯಾವಾಗ ಅಳಿಯಿತು ಎಂಬುದೆಲ್ಲ ಅದರಲ್ಲಿ ಉಳಿದಿರುತ್ತದೆ. ಹಿಂದೆ ಹಿಂದೆ ಸರಿಸುತ್ತ ಹೋದರೆ, ಮಂಗಳವಾರದ ಪತ್ರದಲ್ಲಿ ಒಂದು ಸಾಲು: "ಹನ್ನೆರಡನೇ ಸೆಕೆಂಡಿಗೆ ದೀಪ ಕೆಂಪಾದಾಗ ಚಿಕ್ಕ ಮಗು ಇನ್ನೂ ರಸ್ತೆಯ ನಡುವೆ ಇರುತ್ತದೆ." ಬುಧವಾರ ಅದು ಮಾಯ. ಆ ಜಾಗದಲ್ಲಿ, "ರಸ್ತೆ ದಾಟುವುದು ಬಹಳ ಕಷ್ಟ." ಟೈಪ್ ಮಾಡಿದ ಗೆಳತಿಗೆ, ಅಂಕಿಗಳಿರಬೇಕಾದದ್ದು ಗಣಿತದ ಪುಸ್ತಕದಲ್ಲಿ ಎನಿಸಿತ್ತಂತೆ. ಅಳಿಸುವ ಮೊದಲು ಯಾರನ್ನೂ ಕೇಳಿರಲಿಲ್ಲ.

ಗಂಡ ಪರದೆಯ ಹತ್ತಿರ ಹೋಗಿ ನಿಂತ. "ಆ ರಸ್ತೇಲಿ ದಿನಾ ಎಂಟು ಸಲ ಬಸ್ ತರ್ತೀನಿ ನಾನು," ಎಂದ. "ಕಷ್ಟ ಅಂತ ಓದಿದ್ರೆ ಮುಂದೆ ಹೋಗ್ತೀನಿ. ನಡುವೆ ಮಗು ಇದೆ ಅಂತ ಓದಿದ್ರೆ ಕಾಲು ತಾನಾಗೇ ಬ್ರೇಕ್ ಮೇಲೆ ಹೋಗುತ್ತೆ." ಮಗಳ ಕಡೆ ತಿರುಗಿ ನೋಡಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ, ಇಷ್ಟೆಲ್ಲ ರಗಳೆ ಯಾಕೆ, ಈ ಡಬ್ಬಗಳನ್ನು ಬಿಟ್ಟು ನೋಟ್‌ಬುಕ್ಕನ್ನೇ ಕೊಡಿ ಎಂದ.

"ನೋಟ್‌ಬುಕ್ಕಲ್ಲಿ ರಬ್ಬರ್ ಹಾಕಿ ಉಜ್ಜಿದ್ದಿದ್ರೆ ಈ ಸಾಲು ನಮಗೆ ಸಿಗ್ತಾನೇ ಇರಲಿಲ್ಲ ಸಾರ್," ಎಂದರು ಟೀಚರ್. "ತಪ್ಪು ಟ್ಯಾಬ್‌ನದಲ್ಲ. ನಾನು ಬರೆಸಿದ ರೀತಿದು."

ಬೀರುವಿನ ಕೀಲಿ ಕೇಳಲು ಅವರು ಮುಖ್ಯೋಪಾಧ್ಯಾಯರ ಕೋಣೆಗೆ ಹೋದಾಗ ನರ್ಸಮ್ಮ ಜೊತೆಗೇ ಹೋದಳು. ಕೀಲಿ ಬೇಗ ಸಿಕ್ಕಿತು.

ಅಂದು ನಾಲ್ವರೂ ಒಬ್ಬೊಬ್ಬರು ಒಂದೊಂದು ಟ್ಯಾಬ್ ಹಿಡಿದು, ತಮ್ಮ ತಮ್ಮ ಹೆಸರಿನಲ್ಲಿ, ನಾಲ್ಕು ಟ್ಯಾಬ್‌ನಲ್ಲೂ ತೆರೆದ ಅದೇ ಒಂದು ಪತ್ರ ಬರೆಯಲು ಕೂತರು. ಇನ್ನೊಬ್ಬರ ಸಾಲು ಅಳಿಸಬೇಕೆಂದರೆ ಪಕ್ಕದಲ್ಲಿ ಕಾರಣ ಬರೆದು ಉತ್ತರಕ್ಕೆ ಕಾಯಬೇಕು ಎಂಬುದು ಹೊಸ ನಿಯಮ. ಕಳೆದುಹೋಗಿದ್ದ ಸಾಲು ಮರಳಿ ಬಂತು. ಮಗಳು ಮಾತ್ರ ಕೈಕಟ್ಟಿ ಕೂತಿದ್ದಳು. ಆಗ ಆ ಸಾಲಿನ ಪಕ್ಕ ಗೆಳತಿಯ ಪ್ರಶ್ನೆ ಮೂಡಿತು: "ನಡುವೆ ಅಂದರೆ ಎಲ್ಲಿ? ಓದುವವರಿಗೆ ಕಾಣಬೇಕಲ್ಲ."

ಮಗಳು ಕಟ್ಟಿದ ಕೈ ಬಿಚ್ಚಿದಳು. ಪರದೆಯ ಮೇಲೆ ಬೆರಳಿಟ್ಟು ಬರೆದಳು: "ಆಚೆ ಬದಿಗೆ ಇನ್ನೂ ಹನ್ನೊಂದು ಪುಟ್ಟ ಹೆಜ್ಜೆ ಬಾಕಿ."

ಸೋಮವಾರ ಪತ್ರ ನಾಲ್ಕು ಹೆಸರು ಹೊತ್ತು ಹೊರಟಿತು.

ಓದುತ್ತಿರುವ ಅಪ್ಪ ಅಮ್ಮಂದಿರೇ, ನಿಮ್ಮ ಮಕ್ಕಳ ಶಾಲೆಗೂ ಟ್ಯಾಬ್ ಬಂದಿರಬಹುದು. ಅವು ಮಕ್ಕಳ ಕೈಯಲ್ಲಿವೆಯೋ ಬೀಗದೊಳಗಿವೆಯೋ ಹೋಗಿ ನೋಡಿ. ಕೂಡಿ ಬರೆಯುವುದೆಂದರೆ ಒಬ್ಬರು ಒತ್ತುವುದು, ಉಳಿದವರು ಇಣುಕುವುದು ಅಲ್ಲ. ಪ್ರತಿ ಮಗುವೂ ತನ್ನ ಹೆಸರಿನಲ್ಲಿ ಬರೆಯುತ್ತಿದೆಯೇ, ಅದರ ಸಾಲು ಅಳಿಸುವ ಮುನ್ನ ಯಾರಾದರೂ ಅದನ್ನು ಕೇಳುತ್ತಾರೆಯೇ ಎಂದು ವಿಚಾರಿಸಿ. ಉತ್ತರ ಸಿಗುವ ತನಕ ಅಲ್ಲಿಂದ ಕದಲಬೇಡಿ.