ಮುನವ್ವರ್ ಯಾಕೆ ಏಳುತ್ತಿಲ್ಲ?

೧೯೮೪ರ ಬೇಸಿಗೆ. ಗಬ್ಬೂರಿನ ದಾವಲ್ ಬೀಗೆ ಮೊಮ್ಮಗಳು ಹುಟ್ಟಿದ್ದಳು. ಆದರೆ ಮನೆಯಲ್ಲಿ ಯಾರ ಮುಖದಲ್ಲೂ ಗೆಲುವಿಲ್ಲ. ಕೂಸು ಅಳುತ್ತದೆ, ಪಕ್ಕದಲ್ಲೇ ಮಲಗಿದ ತಾಯಿ ಮುನವ್ವರ್ ಗೋಡೆ ನೋಡುತ್ತಾಳೆ. ಎತ್ತಿಕೊಳ್ಳುವುದಿಲ್ಲ. ಅವಳಿಗೆ ಊಟವಿಲ್ಲ, ನಿದ್ದೆಯಿಲ್ಲ. ಕೂಸು ದಿನದಿನಕ್ಕೆ ಸೊರಗುತ್ತಿತ್ತು.

“ಮೈಗಳ್ಳಿ!” ಎಂದು ದಾವಲ್ ಬೀ ಮಗಳನ್ನು ಬೈದಳು. ಆಮೇಲೆ ಹೆದರಿದಳು. ಗಾಳಿ ಸೋಕಿದೆಯೆಂದು ತಾಯಿತ ಕಟ್ಟಿಸಿದಳು. ಬಾಣಂತಿಯ ಹತ್ತಿರ ಕಬ್ಬಿಣ ಇರಬೇಕಂತೆ, ದಿಂಬಿನ ಕೆಳಗೆ ಚಾಕು ಇಟ್ಟಳು. ಒಬ್ಬಳನ್ನೇ ಬಿಟ್ಟು ಬಾಗಿಲು ಮುಂದೆ ಮಾಡಿದಳು. ಹೇಳುವಾಗಲೂ ನನಗೆ ಸಿಟ್ಟು ಬರುತ್ತದೆ. ಆದರೆ ನಮ್ಮ ನಿಮ್ಮ ಮನೆಯಲ್ಲಿ ಮಾಡುವುದೂ ಇದನ್ನೇ ಅಲ್ಲವೇ?

ಕೂಸಿನ ತೂಕ ನೋಡಲು ನರ್ಸ್ ತುಳಸಿಬಾಯಿ ಬಂದರು. ತಾಯಿಯ ಮುಖ ನೋಡಿ ತೂಕದ ಮಾತು ಬಿಟ್ಟು, ಅವಳ ಪಕ್ಕದಲ್ಲೇ ಕುಳಿತರು.

“ಯಾಕವ್ವಾ, ಜೀವ ಬ್ಯಾಡ ಅನಸ್ತದೇನು?” ಎಂದು ನೇರವಾಗಿಯೇ ಕೇಳಿದರು.

ಮುನವ್ವರ್ ಬಿಕ್ಕಿದಳು. “ಹೂನ್ರಿ ಅಕ್ಕಾರ. ಕೂಸು ಅಳೂದು ಕೇಳಸ್ತದ. ಏಳಬೇಕಂತೀನಿ, ಏಳಾಕ ಆಗವಲ್ದು. ನಾ ಇಲ್ದಿದ್ರ ಅದಕ್ಕ ಚಲೋ ಅನಸಾಕತ್ತದ. ದಿಂಬಿನ ಬುಡಕ ಚಾಕು ಅದ, ಮನಸ್ಸು ಅದರ ಕಡೀಗೇ ಎಳೀತದ.”

ತುಳಸಿಬಾಯಿ ಚಾಕು ತೆಗೆದು ಹೊರಗಿಟ್ಟರು. ಬಾಗಿಲಲ್ಲಿ ನಿಂತಿದ್ದ ದಾವಲ್ ಬೀ ಅಳತೊಡಗಿದಳು. “ಯಾ ಅಲ್ಲಾ! ನಾನಽ ಇಟ್ಟೀನಲ್ಲ!”

“ಅಳಬ್ಯಾಡ್ರಿ. ಇದು ಮೈಗಳ್ಳತನ ಅಲ್ಲ, ಗಾಳೀನೂ ಅಲ್ಲ. ಮಿದುಳಿನ ಜಡ್ಡು.”

“ಹೆತ್ತ ಕೂಸು ಬ್ಯಾಡಾಗೂ ಜಡ್ಡು ಇರ್ತದೇನ್ರಿ?”

“ಬ್ಯಾಡಾಗಿಲ್ಲ. ನಿಮ್ಮ ಅಳಿಯ ರಾಯಚೂರಾಗ ಹಮಾಲಿ ಮಾಡ್ತಾನಲ್ಲ, ಹತ್ತಿ ಅಂಡಿಗಿ ನಾಕು ಮಂದಿ ಕೂಡಿ ಎತ್ತತಾರ. ಒಬ್ಬಾಂವ ಕೈ ಸಡ್ಲ ಬಿಟ್ರ?”

“ಅಂಡಿಗಿ ಏಳಂಗಿಲ್ಲ ಬಿಡ್ರಿ.”

“ಮಿದುಳಿನ್ಯಾಗೂ ಬ್ಯಾರೆ ಬ್ಯಾರೆ ರಸಾಯನ ಅದಾವ. ಒಂದು ‘ಏಳು, ಹೋಗು’ ಅಂತ ನೂಕ್ತದ. ಇನ್ನೊಂದು ಮನಸ್ಸು ತಣ್ಣಗಿಡ್ತದ, ಮತ್ತೊಂದು ಹುಷಾರಿ ಕೊಡ್ತದ. ಎಲ್ಲಾ ಕೂಡಿ ದುಡದ್ರ ಮನಸ್ಸಿನ ಆಸಿ ಕೈಕಾಲಿಗೆ ಬರ್ತದ. ಹೆರಿಗಿ ಆದಮ್ಯಾಲ ಕೆಲವ್ರಿಗೆ ಇವುಗಳ ಹೊಂದಾಣಿಕಿ ತಪ್ತದ. ಬೈದ್ರ ಸರಿಹೋಗಂಗಿಲ್ಲ. ಔಷಧ ಬೇಕು, ಆರೈಕಿ ಬೇಕು. ಇವತ್ತಽ ಡಾಕ್ಟರ್ ಹತ್ರ ನಡೀರಿ.”

“ನಲವತ್ತು ದಿನದ ಛಿಲ್ಲಾ ಮುಗದಿಲ್ಲ, ಬಾಣಂತೀನ್ನ ಹ್ಯಾಂಗ ಹೊಸ್ತಿಲ ದಾಟಸ್ಲಿ? ಮಂದಿ ಏನಂದಾರು?”

“ಮಂದಿ ಏನರ ಅನ್ಲಿ. ನಿಮಗ ಮಗಳು ಬೇಕೋ ಬ್ಯಾಡೋ?”

ದಾವಲ್ ಬೀ ಎದ್ದಳು. ಕೂಸನ್ನೆತ್ತಿಕೊಂಡು, ಮಗಳನ್ನು ಹಿಡಿದುಕೊಂಡು, ತುಳಸಿಬಾಯಿಯ ಜೊತೆ ರಾಯಚೂರಿನ ಬಸ್ಸು ಹತ್ತಿದಳು.

ಡಾಕ್ಟರು ಆಸ್ಪತ್ರೆಯಲ್ಲೇ ಇರಿಸಿಕೊಂಡು ಗುಳಿಗೆ ಕೊಟ್ಟರು. ಗುಣ ಕಾಣಲು ವಾರಗಳೇ ಹಿಡಿದವು. ಅಲ್ಲಿಯವರೆಗೆ ದಾವಲ್ ಬೀ ಮಗಳನ್ನು ಒಂದು ಗಳಿಗೆಯೂ ಬಿಟ್ಟು ಕದಲಲಿಲ್ಲ. ಒಂದು ಬೆಳಿಗ್ಗೆ ಕೂಸು ಅತ್ತಿತು. ದಾವಲ್ ಬೀ ಏಳುವಷ್ಟರಲ್ಲಿ ಮುನವ್ವರ್ ಕೈ ಚಾಚಿದ್ದಳು.

“ಇರ್ಲಿ ಅಮ್ಮೀ, ನಾ ಎತ್ಕೋತೀನಿ.”

ಅಕ್ಕಂದಿರೇ, ಅಣ್ಣಂದಿರೇ, ಬಾಣಂತಿ ಮಂಕಾಗಿ ಕುಳಿತರೆ ಬೈಯಬೇಡಿ. ಒಬ್ಬಳನ್ನೇ ಬಿಡಬೇಡಿ. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಕೂಸು ನೋಡಲು ಊರೆಲ್ಲ ಬರುತ್ತದೆ. ನೀವು ಇವತ್ತು ತಾಯಿಯ ಪಕ್ಕ ಕುಳಿತು, “ನಿನಗ ಹ್ಯಾಂಗದವ್ವಾ?” ಎಂದು ಕೇಳಿ. ಅವಳು ಹೇಳುವ ತನಕ ಏಳಬೇಡಿ.