ಮೇಲಿನ ತೂಬಿನ ಗದ್ದೆ

ಹೊಳಿಯಪ್ಪ ಅಂಗಡಿಯಲ್ಲಿ ಎಣ್ಣೆ ಮಾರುತ್ತಿದ್ದ. ಅಡುಗೆಯದಲ್ಲ, ಬೆಳೆಗೆ ಹೊಡೆಯುವುದು. ಕಾರಟಗಿ ಸುತ್ತಲಿನ ಕಾಲುವೆ ಊರುಗಳಲ್ಲಿ ಹುಳು ಕೊಲ್ಲುವ ಔಷಧಕ್ಕೆ ಎಣ್ಣೆ ಎಂದೇ ಹೆಸರು. ಭತ್ತಕ್ಕೆ ಜಿಗಿಹುಳು ಬಿದ್ದರೂ, ಎಲೆ ಸುತ್ತಿಕೊಂಡರೂ, ತೆನೆ ಜೊಳ್ಳಾದರೂ ಜನ ಮೊದಲು ಬರುತ್ತಿದ್ದದ್ದು ಅವನ ಅಂಗಡಿಯ ಕಟ್ಟೆಗೆ. ಬಂದವರು ಬಾಟಲಿಯ ಮೇಲಿನ ಹೆಸರು ಓದುವ ಗೋಜಿಗೆ ಹೋಗುತ್ತಿರಲಿಲ್ಲ. "ನಿಮ್ಮ ಗದ್ದಿಗೆ ಏನ್ ಹೊಡಿತೀರಿ, ಅದ ಕೊಡ್ರಿ" ಎನ್ನುತ್ತಿದ್ದರು. ಹೊಳಿಯಪ್ಪ ಎದೆಯ ಮೇಲೆ ಕೈಯಿಟ್ಟು, "ನನ್ನ ಗದ್ದಿಗೂ ಇದ ನೋಡ್ರಿ" ಎಂದು ಬಾಟಲಿ ಇಳಿಸುತ್ತಿದ್ದ.

ಅದೇನೂ ಸುಳ್ಳಲ್ಲ. ಊರ ಕೆಳಗಿದ್ದ ದೊಡ್ಡ ಗದ್ದೆಗೆ ಅವನು ಅದನ್ನೇ ಹೊಡೆಸುತ್ತಿದ್ದ, ಕೈ ಬಿಚ್ಚಿ ಹೊಡೆಸುತ್ತಿದ್ದ. ಅಲ್ಲಿನ ಭತ್ತವೆಲ್ಲ ಕಾರಟಗಿಯ ಮಿಲ್ಲಿಗೆ ಹೋಗಿ, ಅಲ್ಲಿಂದ ಹೆಸರು ಗೊತ್ತಿಲ್ಲದ ಊರುಗಳ, ಮುಖ ಗೊತ್ತಿಲ್ಲದ ಜನರ ತಟ್ಟೆ ಸೇರುತ್ತಿತ್ತು. ಮನೆಯವರ ಊಟಕ್ಕೆ ಮಾತ್ರ ಬೇರೆಯೇ ಒಂದು ಪುಟ್ಟ ಗದ್ದೆ, ಕಾಲುವೆಯ ಮೇಲಿನ ತೂಬಿನ ಬಾಯಲ್ಲೇ ಇತ್ತು. ಬೇರೆ ಯಾರ ಗದ್ದೆಯ ಬಸಿನೀರೂ ಸೇರುವ ಮೊದಲೇ ಕಾಲುವೆಯ ನೀರು ಅದಕ್ಕೆ ಹರಿಯುತ್ತಿತ್ತು. ತಿಪ್ಪೆ ಗೊಬ್ಬರ, ಬೇವಿನ ಹಿಂಡಿ ಬಿಟ್ಟರೆ ಅದಕ್ಕೆ ಇನ್ನೇನನ್ನೂ ಸೋಕಿಸುತ್ತಿರಲಿಲ್ಲ. ನೆಲ ಸಾಕಷ್ಟಿದ್ದ ಕೆಲವು ಮನೆಯವರು ಹೀಗೆ ಊಟಕ್ಕೊಂದು ಗದ್ದೆ ಬೇರೆ ಮಾಡಿಕೊಳ್ಳುವುದು ಊರಿನ ವಾಡಿಕೆ. ಅದರ ಬಗ್ಗೆ ಯಾರೂ ಹೊರಗೆ ಮಾತಾಡದಿರುವುದೂ ವಾಡಿಕೆಯೇ. ಗಂಡಹೆಂಡತಿಯ ಜಗಳದ ಹಾಗೆ ಅದು ಮನೆಯೊಳಗಿನ ವಿಷಯ.

ಮಕ್ಬುಲಸಾಬನಿಗೆ ಆ ಭಾಗ್ಯವಿರಲಿಲ್ಲ. ಸ್ವಂತದ್ದೆನ್ನಲು ತುಂಡು ನೆಲವಿಲ್ಲದ ಅವನು ಲೀಜಿಗೆ ಹಾಕಿಕೊಂಡ ಗದ್ದೆಯಲ್ಲಿ ಬೆಳೆದದ್ದನ್ನೇ ಮಾರುತ್ತಿದ್ದ, ಅದನ್ನೇ ಉಣ್ಣುತ್ತಿದ್ದ. ಎಣ್ಣೆಯ ಪಂಪನ್ನು ಬೆನ್ನಿಗೇರಿಸಿ ತಾನೇ ಹೊಡೆಯುತ್ತಿದ್ದ. ಕಣ್ಣು ಉರಿದರೆ ಮರುದಿನ ಬಂದು ಹೇಳುತ್ತಿದ್ದದ್ದೂ ಹೊಳಿಯಪ್ಪನಿಗೇ. "ಮಾರಿಗೆ ಟವೆಲ್ ಕಟ್ಕೋರಿ ಸಾಬ್ರ, ಎಷ್ಟ್ ಸಲ ಹೇಳ್ಲಿ ನಿಮಗ" ಎಂದು ಹೊಳಿಯಪ್ಪ ಗದರಿ, ಚಹಾ ತರಿಸಿ ಕುಡಿಸುತ್ತಿದ್ದ. ಇಬ್ಬರದೂ ಹಳೆಯ ಸ್ನೇಹ.

ಹೀಗಿರುವಾಗ ಊರಿಗೆ ಸಾವಯವ ಬಂತು. ಎಣ್ಣೆ ಹೊಡೆಯದ ಅಕ್ಕಿಗೆ ಪಟ್ಟಣದ ಜನ ಮುಗಿಬೀಳುತ್ತಾರೆ, ಲ್ಯಾಬಿನಲ್ಲಿ ಪಾಸಾದರೆ ನಿಮ್ಮ ಊರಿನ ಅಕ್ಕಿಯನ್ನೆಲ್ಲ ನಾವೇ ಕೊಳ್ಳುತ್ತೇವೆ ಎಂದು ಒಂದು ಸಂಸ್ಥೆಯವರು ಜೀಪಿನಲ್ಲಿ ಬಂದು ಹೇಳಿಹೋದರು. ಸಂಘವಾಯಿತು, ಮಾರೆಪ್ಪ ಅದಕ್ಕೆ ಅಧ್ಯಕ್ಷನಾದ. ಬಸ್‌ಸ್ಟ್ಯಾಂಡಿನ ಹತ್ತಿರ 'ಸಾವಯವ ಗ್ರಾಮ' ಎಂಬ ಹಸಿರು ಬೋರ್ಡು ಎದ್ದು ನಿಂತಿತು. ಬೋರ್ಡು ಮೊದಲು, ಸಾವಯವ ಆಮೇಲೆ. ಮನೆಗಳ ಮುಂದೆ ನೀಲಿ ಡ್ರಮ್ಮುಗಳಲ್ಲಿ ಸಗಣಿ, ಗಂಜಲ, ಬೆಲ್ಲ ಕಲೆತು ಜೀವಾಮೃತ ನೊರೆಗಟ್ಟಿತು. ಬೆಳೆಗೆ ಒಗ್ಗುವುದಿರಲಿ, ಊರಿನ ನೊಣಗಳಿಗಂತೂ ಅದು ಕೂಡಲೇ ಒಗ್ಗಿತು.

ಹೊಳಿಯಪ್ಪನ ಮುಂಬಾಗಿಲಿನ ವ್ಯಾಪಾರ ಬಿದ್ದುಹೋಯಿತು, ಹಿಂಬಾಗಿಲಿನದು ಎದ್ದಿತು. ಸಂಘದ ಹಸಿರು ಶಾಲನ್ನು ಮಡಚಿ ಬಗಲಲ್ಲಿ ಇಟ್ಟುಕೊಂಡು ಒಂದು ದಿನ ಮಾರೆಪ್ಪನೇ ಬಂದ.

"ಇದೊಂದ ಸಲ ಹೊಡಿತೀನಪಾ. ಹುಳಾ ಭಾಳ ಬಿದ್ದೈತಿ. ಯಾರ ಮುಂದೂ ಅನ್ನಬ್ಯಾಡ ಮತ್ತ."

"ನಾ ಯಾಕ ಅನ್ನಲಿ, ಅಧ್ಯಕ್ಷರ" ಎಂದ ಹೊಳಿಯಪ್ಪ.

ಬಾಯಲ್ಲಿ ಹಾಗೆಂದರೂ ಅವನಿಗೆ ಇದನ್ನು ಸಹಿಸಲಾಗಲಿಲ್ಲ. ಹಗಲು ಹೊತ್ತಿನಲ್ಲಿ ಕಟ್ಟೆಯ ಮೇಲೆ ಕೂತು, ಚಹಾ ಕುಡಿದು, ತನ್ನ ಮಾತು ಕೇಳಿ ತಲೆಯಾಡಿಸಿ ಹೋಗುತ್ತಿದ್ದ ಜನ ಈಗ ಕಳ್ಳರ ಹಾಗೆ ಹಿತ್ತಲಿಗೆ ಬರುವುದೇ? ಎಣ್ಣೆ ಹೇಗೂ ಖರ್ಚಾಗುತ್ತಿತ್ತು. ಆದರೆ ಹೊಳಿಯಪ್ಪ ಹೇಳಿದ ಎಂದರೆ ಊರು ನಂಬುತ್ತಿತ್ತಲ್ಲ, ಆ ನಂಬಿಕೆಯ ಮೇಲೆ ಅವನಿಗೆ ಪ್ರಾಣ. ಅದನ್ನು ಒಂದು ಹಸಿರು ಬೋರ್ಡಿಗೆ ಬಿಟ್ಟುಕೊಡಲು ಅವನು ತಯಾರಿರಲಿಲ್ಲ.

ಅದಕ್ಕೇ ತಾನೂ ಸಂಘ ಸೇರಿದ. ಸುಗ್ಗಿಯಾದ ಮೇಲೆ ಪ್ರತಿ ಸದಸ್ಯನ ಮನೆಯಿಂದ ಹೊಸ ಅಕ್ಕಿ ಒಯ್ದು ಲ್ಯಾಬಿಗೆ ಕಳಿಸುವ ಏರ್ಪಾಡಿತ್ತು. ಎಲ್ಲರದೂ ಫೇಲಾಗುವುದು ಅವನಿಗೆ ಖಾತ್ರಿ, ಹಿಂಬಾಗಿಲು ಅವನದೇ ಅಲ್ಲವೇ! ಆದರೆ ತನ್ನದು ಎಲ್ಲರಿಗಿಂತ ಜೋರಾಗಿ ಫೇಲಾಗಬೇಕು. ಆಗ ತುಂಬಿದ ಸಭೆಯಲ್ಲಿ ಎದ್ದು, "ನಾನೂ ಮಾಡಿ ನೋಡಿದ್ನೆಪಾ, ಈ ಮಣ್ಣಿಗೆ, ಈ ನೀರಿಗೆ ಇದು ಆಗೂದಲ್ಲ" ಎಂದುಬಿಟ್ಟರೆ ಆಯಿತು, ಮರುದಿನ ಎಲ್ಲರೂ ಮುಂಬಾಗಿಲಿಗೇ ಬರುತ್ತಾರೆ. ಈ ಲೆಕ್ಕ ಹಾಕಿ, ಬೇಕಿಲ್ಲದಿದ್ದರೂ ಕೊಯ್ಲಿನ ಮುಂಚೆ ದೊಡ್ಡ ಗದ್ದೆಗೆ ಮತ್ತೊಮ್ಮೆ ಎಣ್ಣೆ ಹೊಡೆಸಿದ. ಅಲ್ಲಿನ ಅಕ್ಕಿಯನ್ನು ಅಂಗಡಿಯದೇ ಒಂದು ಕೈಚೀಲಕ್ಕೆ ತುಂಬಿ, ಬಾಯಿ ಬಿಗಿದು, ಪಡಸಾಲೆಯ ಗೂಡಿನಲ್ಲಿಟ್ಟ. "ಸಂಸ್ಥೆದವ್ರು ಬಂದ್ರ ಇದನ್ನ ಕೊಡು" ಎಂದು ಹೆಂಡತಿ ಶಿವಲಿಂಗಮ್ಮನಿಗೆ ಹೇಳಿ, ಮಾಲು ತರಲು ಗಂಗಾವತಿಗೆ ಹೋದ.

ಸಂಜೆ ಬಂದು ನೋಡಿದರೆ ಗೂಡು ಖಾಲಿಯಾಗಿತ್ತು.

"ಬಂದಿದ್ರೇನು?"

"ಬಂದಿದ್ಳು, ದೀಪಿಕಾ ಅಂತ ಹುಡುಗಿ. ಕುಷ್ಟಗಿ ಕಡೆಯಾಕಿ, ಮೊನ್ನೆ ಮದುವಿ ಆಗೈತಂತ. ಕೊಟ್ಟು ಕಳಿಸೀನಿ" ಎಂದಳು ಶಿವಲಿಂಗಮ್ಮ. ಹೊಳಿಯಪ್ಪ ಅಂದು ಒಂದು ಕೈ ಅನ್ನ ಹೆಚ್ಚಿಗೇ ಉಂಡ. ಅನ್ನ ಎಂದಿನಂತೆ ಮೇಲಿನ ತೂಬಿನ ಗದ್ದೆಯದು.

ಫಲಿತಾಂಶ ಹೇಳುವ ದಿನ ಸಮುದಾಯ ಭವನ ತುಂಬಿತ್ತು. ದೀಪಿಕಾ ಮೈಕು ಹಿಡಿದಳು.

"ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮ್ಮ ಅಕ್ಕ್ಯಾಗ ಎಣ್ಣಿ ಅಂಶ ಸಿಕ್ಕೈತ್ರಿ. ಅಧ್ಯಕ್ಷರದ್ರಾಗ ಸ್ವಲ್ಪ ಜಾಸ್ತೀನ ಐತಿ."

"ಬಾಜೂ ಗದ್ದ್ಯಾಗಿಂದ ಗಾಳಿಗೆ ಬಂದಿರಬೇಕ್ರಿ" ಎಂದು ಮಾರೆಪ್ಪ ಶಾಲು ಸರಿಮಾಡಿಕೊಂಡ. ಬಾಜೂ ಗದ್ದೆಯವನು ಅವನನ್ನು ದುರುಗುಟ್ಟಿ ನೋಡಿದ.

ಇದೇ ಸಮಯವೆಂದು ಹೊಳಿಯಪ್ಪ ಧೋತರ ಕೊಡವಿ ಎದ್ದ. ಕಲಿತಿಟ್ಟುಕೊಂಡ ಮಾತು ನಾಲಿಗೆಯ ತುದಿಗೆ ಬಂದಿತ್ತು. ದೀಪಿಕಾ ಅವನನ್ನು ನೋಡಿ ನಕ್ಕಳು.

"ಬರ್ರಿ ಕಾಕಾರ, ನಾನ ಕರಿಯಾಕಿ ಇದ್ದೆ. ಇಡೀ ಊರಾಗ ಇವರೊಬ್ಬರದ ಪಾಸಾಗೈತ್ರಿ. ಹುಡುಕಿದ್ರೂ ಏನೂ ಸಿಕ್ಕಿಲ್ಲ. ಎಲ್ಲಾರೂ ಚಪ್ಪಾಳಿ ಹೊಡೀರಿ!"

ಜನ ಹೊಡೆದರು. ಎಣ್ಣೆ ಅಂಗಡಿಯವನ ಕೊರಳಿಗೆ ಸಾವಯವದ ಹಾರ ಬಿತ್ತು. ಯಾರೋ ಫೋಟೋ ತೆಗೆದರು. ಎಲ್ಲರ ಹಿಂದೆ ಗೋಡೆಗೊರಗಿ ನಿಂತಿದ್ದ ಮಕ್ಬುಲಸಾಬ ಗೆಳೆಯನಿಗಾದ ಮರ್ಯಾದೆ ತನಗೇ ಆದಷ್ಟು ಖುಷಿಯಿಂದ ಚಪ್ಪಾಳೆ ತಟ್ಟಿದ. ಹೊಳಿಯಪ್ಪ ಮಾತ್ರ ಕೊರಳಿನ ಹಾರ ಹಿಡಿದುಕೊಂಡು ದೀಪಿಕಾಳ ಕಡೆ ತಿರುಗಿದ.

"ಏನೋ ಅದಲುಬದಲಾಗಿರಬೇಕವಾ, ಮತ್ತೊಮ್ಮೆ ನೋಡ್ರಿ. ಗೂಡಿನಾಗಿನ ಚೀಲ..."

"ಅದಲುಬದಲು ಹೆಂಗಾಗ್ತೈತ್ರಿ? ಚೀಲದ್ದಲ್ಲ ಅದು. ಕಾಕಿ ನನಗ ಉಡಿ ತುಂಬಿದ್ರು. ಆ ಅಕ್ಕೀನ ನಾ ಒಯ್ದೀನಿ."

ಹೆಂಗಸರ ಸಾಲಿನಿಂದ ಶಿವಲಿಂಗಮ್ಮ ಎದ್ದು ನಿಂತಳು. ಸನ್ಮಾನದ ಹೊತ್ತಿನಲ್ಲಿ ಗಂಡ ಹೀಗೆ ಸಂಕೋಚ ಪಡುವುದು ಅವಳಿಗೆ ಸರಿಬರಲಿಲ್ಲ.

"ಹೌದ್ರಿ. ಹೊಸದಾಗಿ ಮದುವ್ಯಾದ ಹೆಣ್ಮಗಳು ಬಾಗಿಲಿಗೆ ಬಂದು ಅಕ್ಕಿ ಕೇಳ್ಯಾಳ, ಉಡಿ ತುಂಬದ ಕಳಸಾಕ ಆಕ್ಕತೇನ್ರಿ? ಗೂಡಿನ ಅಕ್ಕಿ ಎಣ್ಣಿ ನಾರ್ತಿತ್ತು. ಅಂಥಾದ್ದನ್ನ ಯಾರರ ಉಡಿಗೆ ಹಾಕ್ತಾರೇನು? ತಿಪ್ಪಿಗೆ ಚೆಲ್ಲಿ, ನಾವು ಉಣ್ಣೋ ಚೀಲದಾಗಿಂದು ಹಾಕೀನಿ. ಮ್ಯಾಲಿನ ತೂಬಿನ ಗದ್ದೀದು. ನಾ ಈ ಮನಿಗೆ ನಡಿಯಾಕ ಬಂದಾಗಿಂದ ಆ ಗದ್ದಿಗೆ ನಮ್ಮನ್ಯಾವ್ರು ಒಂದು ಹನಿ ಎಣ್ಣಿ ಮುಟ್ಟಿಸಿಲ್ರಿ. ಆ ವಿಷಯದಾಗ ಅವರು ಭಾಳ ಕಟ್ಟುನಿಟ್ಟು."

ಗಂಡನ ಮಾನ ಕಾಪಾಡಿದ ಸಮಾಧಾನದಲ್ಲಿ ಸೆರಗು ಹೊದ್ದು ಕೂತಳು.

ಚಪ್ಪಾಳೆ ನಿಂತಿತು. ಊಟಕ್ಕೆ ಬೇರೆ ಗದ್ದೆ ಇಟ್ಟುಕೊಂಡಿದ್ದ ಕೆಲವರು ನೆಲ ನೋಡತೊಡಗಿದರು, ಇಲ್ಲದವರು ಹೊಳಿಯಪ್ಪನನ್ನು ನೋಡತೊಡಗಿದರು. ಮಕ್ಬುಲಸಾಬನ ಕೈ ಎಲ್ಲರಿಗಿಂತ ತಡವಾಗಿ ನಿಂತಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು, ಜಗಳದಲ್ಲಿ ಹೊಳಿಯಪ್ಪ ಯಾರಿಗೂ ಕಡಿಮೆಯಿರಲಿಲ್ಲ. ಹಾರ ಹಾಕಿಕೊಂಡೇ ಮನೆಗೆ ನಡೆದ. ತೆಗೆಯಬೇಕೆಂಬುದೂ ಅವನಿಗೆ ಹೊಳೆಯಲಿಲ್ಲ.

ಮರುದಿನ ಅಂಗಡಿ ತೆರೆದು ಕೂತ. ಮುಂಬಾಗಿಲಿಗೆ ಯಾರೂ ಬರಲಿಲ್ಲ, ಹಿಂಬಾಗಿಲಿಗೂ ಬರಲಿಲ್ಲ. ಬಿಸಿಲೇರುವ ಹೊತ್ತಿಗೆ ಮಕ್ಬುಲಸಾಬ ಬಂದು, ಎಂದಿನಂತೆ ಚಪ್ಪಲಿ ಕಳಚಿ ಕಟ್ಟೆಯ ಮೇಲೆ ಕೂತ. ಹೊಳಿಯಪ್ಪನಿಗೆ ಹೋದ ಜೀವ ಬಂದಂತಾಯಿತು. ಚಹಾ ತರಿಸಿದ. ಇಬ್ಬರೂ ಕುಡಿದರು.

"ಬ್ಯಾಸಗಿ ನೆಲ್ಲು ಹಚ್ಚೂದೈತ್ರಿ ಅಣ್ಣಾರ" ಎಂದ ಮಕ್ಬುಲಸಾಬ ಕಪ್ಪು ಕೆಳಗಿಡುತ್ತ. "ನಿಮ್ಮ ಗದ್ದಿಗೆ ಏನ್ ಹಾಕ್ತೀರಿ, ಅದ ಕೊಡ್ರಿ."

ರೂಢಿಯ ಬಲದಿಂದ ಹೊಳಿಯಪ್ಪನ ಒಂದು ಕೈ ಎದೆಗೆ, ಇನ್ನೊಂದು ಬಾಟಲಿಗೆ ಹೋದವು, ಅಲ್ಲೇ ನಿಂತವು. ಕುಹಕವಿದೆಯೇ ಎಂದು ಸಾಬನ ಮುಖ ನೋಡಿದ. ಇರಲಿಲ್ಲ. ಇದ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು ಅನಿಸಿತು ಅವನಿಗೆ. ಎಣ್ಣೆಗೆ ಕೆಂಪಾದ ಆ ಕಣ್ಣುಗಳಲ್ಲಿ ಹಳೆಯ ನಂಬಿಕೆ ಇನ್ನೂ ಹಾಗೇ ಇತ್ತು. ಹೊಳಿಯಪ್ಪನಿಗೆ ಮೈಯೆಲ್ಲ ನಾಚಿಕೆಯಾಯಿತು.

"ತಿಪ್ಪಿ ಗೊಬ್ಬರ ಹಾಕ್ತೀನಿ ಸಾಬ್ರ. ಬೇವಿನ ಹಿಂಡಿ. ಅಷ್ಟ."

"ಹಂಗಾರ ಅದ ಕೊಡ್ರಿ."

"ಅದು ಅಂಗಡ್ಯಾಗ ಇಲ್ರಿ" ಎಂದ ಹೊಳಿಯಪ್ಪ, ತನಗೇ ಕೇಳಿಸದಷ್ಟು ಸಣ್ಣ ದನಿಯಲ್ಲಿ. "ಮನ್ಯಾಗ ಐತಿ."

ಮಕ್ಬುಲಸಾಬ ಟವೆಲಿನ ಅಂಚಿನಿಂದ ಕಣ್ಣೊರೆಸಿಕೊಂಡ. ಕಪಾಟಿನ ತುಂಬ ಸಾಲಾಗಿ ನಿಂತಿದ್ದ ಬಾಟಲಿಗಳನ್ನೊಮ್ಮೆ ನೋಡಿದ, ಆಮೇಲೆ ಹೊಳಿಯಪ್ಪನನ್ನು ನೋಡಿದ.

"ಇಷ್ಟ್ ವರ್ಷ ಮನ್ಯಾಗ ಇತ್ತೇನ್ರಿ, ಅಣ್ಣಾರ?"