ಗರಸಿನ ಮೇಲೆ ಮಂಗಳ

ತಿಂಗಳಿಡೀ ಪುರಾಣ ಕೇಳಿದವರು ಕಡೆಯ ದಿನದ ಮಂಗಳ ಕೇಳದಿದ್ದರೆ ಫಲ ದಕ್ಕುವುದಿಲ್ಲ ಎಂಬುದು ನಮ್ಮತ್ತೆ ಕಳಕಮ್ಮನವರ ನಂಬಿಕೆ. ನನ್ನದೂ ಅದೇ. ಶ್ರಾವಣ ಹಿಡಿದಾಗಿನಿಂದ ಅವರು ಓಣಿಯ ಹೆಂಗಸರ ಜೊತೆ ಟಂಟಂ ಹತ್ತಿ ಮಠಕ್ಕೆ ಹೋಗಿ ಒಂದು ದಿನವೂ ತಪ್ಪದೆ ಕೇಳಿಬಂದಿದ್ದರು. ಮಂಗಳದ ದಿನವೇ ಟಂಟಂ ಅವರನ್ನು ಬಿಟ್ಟು ಹೋಯಿತು. ಕಾರಿನಲ್ಲಿ ಕರೆದೊಯ್ಯುವುದು ನನ್ನ ಪಾಲಿಗೆ ಬಂತು. ನಾನು ಕಾರು ಕಲಿತು ಎರಡು ತಿಂಗಳಾಗಿತ್ತು. ಡಾಂಬರು ಬಿಟ್ಟು ಬೇರೆ ನೆಲದ ಮೇಲೆ ಗಾಲಿ ಇಟ್ಟವಳಲ್ಲ.

ಮಠವಿರುವುದು ಪಕ್ಕದ ಮಂಗಳೂರಿನಲ್ಲಿ, ಕಡಲ ಬದಿಯ ಮಂಗಳೂರಲ್ಲ. ಆ ಹಾದಿಯಲ್ಲಿ ರೈತರು ಒಣಗಿದ ಹೆಸರುಕಾಳಿನ ಗಿಡಗಳನ್ನು ರಸ್ತೆಗೆ ಹರವಿದ್ದರು, ಹೋಗಿಬರುವ ಗಾಡಿಗಳೇ ತುಳಿದು ಕಾಳು ಬಿಡಿಸಲಿ ಎಂದು. ಅದರ ಮೇಲೆಯೇ ಹಾಯ್ದೆ. ಕಾರಿನ ಅಡಿಯಲ್ಲಿ ಚರಪರ ಸದ್ದಾಯಿತು.

ಮಠದ ಮುಂದೆ ಎರಡೇ ಜಾಗ ಉಳಿದಿದ್ದವು. ಎಡಕ್ಕೆ, ಮಳೆ ಕೈಕೊಟ್ಟು ಒಣಗಿದ ಹುಲ್ಲು. ಬಲಕ್ಕೆ, ಗರಸು, ಅಂದರೆ ಸಣ್ಣ ಕಲ್ಲಿನ ಸಡಿಲ ಮಣ್ಣು, ಹಾಕಿದ ಇಳಿಜಾರು. ಇಳಿಜಾರಿನ ಕೆಳತುದಿಗೆ ಶಾಮಿಯಾನ, ಅದರ ಅಂಚಿಗೆ ಹೆಂಗಸರು, ಅವರ ಮಡಿಲಲ್ಲಿ ಕೂಸುಗಳು.

ಗಾಡಿ ನಿಲ್ಲಿಸುವ ಉಸ್ತುವಾರಿ ಪಂಪಾಪತಿಯದು. ಸೀಟಿ ಊದಿ ಕೈ ಬೀಸಿದ. “ಅಕ್ಕಾರ, ಹುಲ್ಲಿನ ಮ್ಯಾಲ ತಗೊಳ್ರಿ. ಸಪಾಟ ಐತಿ, ಎಲ್ಲಿಗೂ ಹೋಗಂಗಿಲ್ಲ.”

ನಿಲ್ಲಿಸಿದೆ. ಅತ್ತೆ ಒಂದು ಕಾಲು ಹೊರಗಿಡುವಷ್ಟರಲ್ಲಿ ಮೈಕಿನ ಬಾಬಾಸಾಬ ಓಡಿಬಂದು ಬಗ್ಗಿ ಅಡಿಯಲ್ಲಿ ನೋಡಿದ.

“ಇಲ್ಲಿ ಬ್ಯಾಡ್ರಿ ಯವ್ವಾ! ಹೆಸರಿನ ಗಿಡ ಸೈಲೆನ್ಸರಿಗೆ ಸುತಗೊಂಡಾವ. ಕೆಳಗ ಒಣಾ ಹುಲ್ಲು. ಕಾದ ಹಂಚಿನ ಮ್ಯಾಲ ಹತ್ತಿ ಇಟ್ಟಂಗ ಆತು. ಗರಸಿನ ಮ್ಯಾಲ ಒಯ್ರಿ.”

“ಗರಸಿನ್ಯಾಗ ಗಾಲಿ ಜಾರತಾವೋ ಮಾರಾಯ,” ಎಂದ ಪಂಪಾಪತಿ.

“ಜಾರಿದ್ರ ಕಲ್ಲ ಇಡೂಣು. ಹೊತ್ತಿದ್ರ ಏನ ಇಡ್ತಿ, ನಿನ್ನ ಸೀಟಿ?”

ಬಾಬಾಸಾಬ ಕೋಲಿನಿಂದ ಗಿಡಗಳನ್ನು ಎಳೆದು ತೆಗೆದ. ನಾನು ಕಾರನ್ನು ಗರಸಿನ ಮೇಲೆ, ಶಾಮಿಯಾನಕ್ಕೆ ಮುಖ ಮಾಡಿ ನಿಲ್ಲಿಸಿದೆ.

“ರಿವರ್ಸ್ ಗೇರಿನ್ಯಾಗ ಬಿಡ್ರಿ,” ಎಂದ ಬಾಬಾಸಾಬ.

“ಹಿಂದ ಹೋಗೂದೈತೇನು? ಫಸ್ಟ್ ಹಾಕ್ರಿ,” ಎಂದ ಪಂಪಾಪತಿ.

ಯಾವುದಕ್ಕೆ ಹಾಕಿದೆನೋ ನೆನಪಿಲ್ಲ. ಇಳಿದು, ಒಂದು ಕಲ್ಲು ಹುಡುಕಿ, ಭಕ್ತಿಯಿಂದ ಹಿಂದಿನ ಗಾಲಿಯ ಹಿಂದೆ ಇಟ್ಟೆ.

“ಶೈಲಾ,” ಅತ್ತೆ ಒಳಗಿನಿಂದ ಕರೆದರು, “ಶಾಮಿಯಾನ ನಮ್ಮ ಕಡೆ ಬರಾಕತ್ತೈತ್ಯೋ, ನಾವ ಅದರ ಕಡೆ ಹೊಂಟೀವೋ?”

ಗರಸು ಕರಕರ ಎಂದಿತು. ಒಳಗೆ ಹಾರಿ ಬ್ರೇಕು ತುಳಿದೆ. ಹ್ಯಾಂಡ್‌ಬ್ರೇಕು ಅರ್ಧಕ್ಕೇ ನಿಂತಿತ್ತು, ಗೇರು ನ್ಯೂಟ್ರಲ್‌ನಲ್ಲಿತ್ತು. ಬಾಬಾಸಾಬ ಎರಡು ದಪ್ಪ ಬೋರುಗಲ್ಲು ತಂದು ಮುಂದಿನ ಗಾಲಿಗಳ ಮುಂದೆ ಒತ್ತಿ, ರಿವರ್ಸ್ ಹಾಕಿಸಿ, ಹ್ಯಾಂಡ್‌ಬ್ರೇಕು ಪೂರ್ತಿ ಎಳೆಸಿ, “ಇನ್ನ ಆರಾಮ ಹೋಗ್ರಿ” ಎಂದು ಮೈಕಿನ ಕಡೆ ಓಡಿದ.

ನನ್ನ ಕಾಲು ಬ್ರೇಕು ಬಿಡಲಿಲ್ಲ. ಬಿಟ್ಟರೆ ಎದುರಿಗೆ ಕೂಸುಗಳು.

ಅಷ್ಟರಲ್ಲಿ ಪುರಾಣಿಕ ಗಾದಿಲಿಂಗಪ್ಪನವರು ಮಂಗಳ ಶುರುಮಾಡಿದರು.

“ನೀವರ ಹೋಗ್ರಿ ಅತ್ತೀ.”

ಅತ್ತೆ ಶಾಮಿಯಾನ ನೋಡಿದರು, ನನ್ನ ಕಾಲು ನೋಡಿದರು. ಆಮೇಲೆ ಬಾಗಿಲು ಎಳೆದುಕೊಂಡರು. “ಒಬ್ಬಾಕಿನ್ನ ಬಿಟ್ಟು ನಾ ಯಾವ ಪುಣ್ಯ ಕಟಗೊಳ್ಳಲಿ? ಗ್ಲಾಸ್ ಇಳಸು.”

ನಮ್ಮ ತಲೆಯ ಮೇಲೆ, ಬೇವಿನ ಟೊಂಗೆಗೆ ಮೈಕಿನ ಹಾರ್ನು ಕಟ್ಟಿತ್ತು. ಧ್ವನಿ ಸುರಿಯಿತು. ಸಣ್ಣಂದಿನಿಂದ ಕೇಳಿದ ಪದ್ಯ. ಒಂದು ಸಾಲು ಕಿವಿಗೆ ಬಿದ್ದರೆ ಮುಂದಿನದು ತಾನೇ ನಾಲಿಗೆಗೆ ಬರಬೇಕು. ಬರಲಿಲ್ಲ. ಮುಂದೆಯೋ ಹಿಂದೆಯೋ, ರಿವರ್ಸೋ ಫಸ್ಟೋ, ಅದೇ ತಾಳಕ್ಕೆ ತಲೆಯಲ್ಲಿ ಅದೇ ಸುತ್ತುತ್ತಿತ್ತು.

ಆರತಿಗೆ ಜನವೆಲ್ಲ ಎದ್ದು ನಿಂತರು. “ಏಳವಾ,” ಎಂದರು ಅತ್ತೆ.

“ಕಾಲು, ಅತ್ತೀ...”

“ಹಂಗಾರ ಕುಂತ ಕೈ ಮುಗಿ.”

ಆರತಿ ತಟ್ಟೆ ಹಿಡಿದು ಬಂದ ಪಂಪಾಪತಿ ಕಿಟಕಿಯೊಳಗೆ ಇಣುಕಿದ. “ಇದ್ಯಾಕ್ರಿ ಅಕ್ಕಾರ, ಇಲ್ಲೇ ಕುಂತೀರಿ? ಎರಡೂ ಗಾಲಿಗೆ ಕಲ್ಲ ಅದಾವಲ್ಲ!”

ಮೆಲ್ಲಗೆ ಕಾಲೆತ್ತಿದೆ. ಕಾರು ಅಲುಗಲಿಲ್ಲ. ಇಷ್ಟೊತ್ತು ನನ್ನ ಕಾಲಿಗೆ ನಿಂತಿತ್ತೋ, ಬಾಬಾಸಾಬನ ಕಲ್ಲಿಗೋ, ತಿಳಿಯಲಿಲ್ಲ.

ಅತ್ತೆ ಆರತಿ ಕಣ್ಣಿಗೊತ್ತಿಕೊಂಡು, ನನ್ನ ಕಣ್ಣಿಗೂ ಒತ್ತಿದರು. “ಮಂಗಳ ಕೇಳಿದಂಗ ಆತಲ್ಲ?”

“ಆತ್ರಿ ಅತ್ತೀ.”

“ಛಲೋ ಆತು. ಈಗ ಇದನ್ನ ಹಿಂದಕ್ಕ ಹೆಂಗ ತಗೀತಿ?”

ಅದನ್ನು ನಾನು ಯಾರನ್ನೂ ಕೇಳಿರಲಿಲ್ಲ.